ಜಡ್ಜಮ್ಮನಿಗೆ ಬಂದ ಎದುರಾಳಿ

ಕೃಷಿ ಪ್ರದರ್ಶನದ ಮೈದಾನದಲ್ಲಿ ಹಾಲಿನ ಅಕ್ಕ ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಿದ್ದರು. ಟ್ರ್ಯಾಕ್ಟರುಗಳ ಸಾಲು ದಾಟಿ, ಗೊಬ್ಬರದ ಮಳಿಗೆಗಳ ಘಾಟು ಸಹಿಸಿ, ಕಟ್ಟಕಡೆಯ ಚಪ್ಪರಕ್ಕೆ ಹೋದರೆ ಅಲ್ಲಿ ಅವಳು, ಅವಳ ಹಸು ಮತ್ತು ‘ನೀವೇ ಹಾಲು ಕರೆದು ನೋಡಿ’ ಎಂಬ ಫಲಕ. ಪೇಟೆಯವರನ್ನೂ ರೈತರನ್ನೂ ಹತ್ತಿರ ತರುವುದೇ ಈ ಪ್ರದರ್ಶನದ ಉದ್ದೇಶ ಎಂದು ಕಾರ್ಯದರ್ಶಿಗಳು ಪ್ರತಿವರ್ಷ ಮೈಕಿನಲ್ಲಿ ಸಾರುತ್ತಿದ್ದರು. ಆ ಘನ ಉದ್ದೇಶದ ಪೂರಾ ಭಾರ ಒಂದು ಹಸುವಿನ ಕೆಚ್ಚಲಿನ ಮೇಲೆ ಬಿದ್ದಿದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಹಸುವನ್ನು ಮನೆಯಲ್ಲಿ ಜಡ್ಜಮ್ಮ ಎಂದು ಕರೆಯುತ್ತಿದ್ದರು. ಎದುರಿಗೆ ಯಾರು ನಿಂತರೂ, ತೀರ್ಪು ಬರೆದಾಗಿದೆ, ಓದುವುದೊಂದೇ ಬಾಕಿ ಎನ್ನುವ ಹಾಗೆ ನೋಡುವ ಹಸು ಅದು. ಪ್ರದರ್ಶನಕ್ಕೆ ಬಂದು ಬಂದು ಅದು ಪಳಗಿತ್ತು. ಕೂತು ಹಿಂಡಿದವರಿಗೆಲ್ಲ ಒಂದೊಂದು ಧಾರೆ ಹಾಲು ದಯಪಾಲಿಸಿ, ಉಳಿದದ್ದನ್ನು ಖಜಾನೆಯಲ್ಲಿ ಭದ್ರವಾಗಿ ಇಟ್ಟುಕೊಳ್ಳುತ್ತಿತ್ತು.

ಜಡ್ಜಮ್ಮನಿಗಾದರೂ ಬಾಯಿಗೆ ಮೇವಿನ ಕೆಲಸ. ಅಕ್ಕನ ಬಾಯಿಗೆ ಬರೀ ಉತ್ತರ ಕೊಡುವ ಕೆಲಸ. ಇದು ಕಚ್ಚುತ್ತಾ? ಕೊಂಬು ಇರುವುದು ಗಂಡಲ್ಲವೇ? ಹಾಲು ಬೆಚ್ಚಗಿದೆಯಲ್ಲ, ಯಾರು ಕಾಯಿಸಿದರು? ಮೊದಲ ವರ್ಷ ಅವಳು ಇದಕ್ಕೆಲ್ಲ ನಕ್ಕಿದ್ದಳು. ಆಮೇಲೆ ವಿವರಿಸಿದಳು. ಈಗ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ತಾನಾಗಿ ಹೊರಬೀಳುತ್ತಿತ್ತು, ಅವಳು ಒಳಗೊಳಗೇ ನಿದ್ದೆ ಮಾಡುತ್ತಿದ್ದಳು. ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಎದ್ದು, ಉಳಿದ ಹಸುಗಳ ಹಾಲು ಕರೆದು, ಕೊಟ್ಟಿಗೆ ತೊಳೆದು, ಲಾರಿ ಹತ್ತಿ ಬಂದವಳು ಇನ್ನೇನು ಮಾಡಿಯಾಳು? ಪ್ರತಿವರ್ಷ ‘ಇದೇ ಕೊನೆ’ ಎಂದು ಶಪಥ ಮಾಡುತ್ತಿದ್ದಳು. ಪ್ರತಿವರ್ಷ ಸಂಜೆ ಕಾರ್ಯದರ್ಶಿಗಳು ಬಂದು, ನೀವಿಲ್ಲದಿದ್ದರೆ ಪ್ರದರ್ಶನವೇ ಇಲ್ಲ ಎಂದು ಬೆಣ್ಣೆ ಹಚ್ಚುತ್ತಿದ್ದರು. ಆ ಮಹಾಪ್ರತಿಜ್ಞೆ ಅಲ್ಲೇ ಕರಗಿ ಹೋಗುತ್ತಿತ್ತು. ಈ ಸಲ ಏನಾದರಾಗಲಿ, ಇದರಿಂದ ಕಳಚಿಕೊಂಡೇ ಮನೆಗೆ ಮರಳುವುದು ಎಂದು ಗಂಡನ ಮುಂದೆ ಹೇಳಿಯೇ ಹೊರಟಿದ್ದಳು.

ಚಪ್ಪರಕ್ಕೆ ಬಂದು ನೋಡಿದರೆ ಪಕ್ಕದಲ್ಲೇ ಇನ್ನೊಂದು ಹಸು ನಿಂತಿತ್ತು. ಫೈಬರಿನ ಹಸು. ನುಣ್ಣಗೆ ಹೊಳೆಯುವ ಮೈ, ಹೊಟ್ಟೆಯೊಳಗೆ ನೀರಿನ ಟ್ಯಾಂಕು, ಕೆಳಗೆ ರಬ್ಬರಿನ ಮೊಲೆ, ಸಿನಿಮಾ ನಟಿಯನ್ನು ಮೀರಿಸುವ ರೆಪ್ಪೆಗೂದಲು. ಕಾರ್ಯದರ್ಶಿಗಳು ಕೈ ಹಿಸುಕಿಕೊಳ್ಳುತ್ತ ಬಂದರು.

“ತಪ್ಪು ತಿಳ್ಕೋಬೇಡಿ ಅಕ್ಕಾ. ಜನಕ್ಕೆ ಇದೇ ಹಿಡಿಸಿದ್ರೆ, ಬರೋ ವರ್ಷದಿಂದ ನಿಮಗೆ ತೊಂದ್ರೆ ಕೊಡಲ್ಲ.”

ಅಕ್ಕ ಕಣ್ಣೀರಿಡಬಹುದು ಎಂದು ಅವರು ಹೆದರಿದ್ದರು. ಅಕ್ಕನಿಗೋ, ಜೈಲಿನ ಕಾವಲುಗಾರ ಬೀಗದಕೈ ತನ್ನ ಕಾಲ ಬಳಿಯೇ ಬೀಳಿಸಿ ಹೋದಂತಾಯಿತು.

ಅಂದು ಆ ಚಪ್ಪರದಲ್ಲಿ ನಡೆದ ದ್ರೋಹ ಯಾವ ಯುದ್ಧದಲ್ಲೂ ನಡೆದಿರಲಿಕ್ಕಿಲ್ಲ. ಸೇನಾಧಿಪತಿಯೇ ಎದುರಾಳಿಯ ಪರ ನಿಂತಳು. ತನ್ನ ಕಡೆ ಬಂದವರನ್ನೆಲ್ಲ ತಾನೇ ಭುಜ ಹಿಡಿದು ಅತ್ತ ತಿರುಗಿಸಿದಳು. ಅದು ಒದೆಯುವುದಿಲ್ಲ, ನೊಣ ಕೂರುವುದಿಲ್ಲ, ಎಷ್ಟು ಹಿಂಡಿದರೂ ಬೇಸರವಿಲ್ಲ ಎಂದು ಹೊಗಳಿದಳು. ಹೊಸ ಬೂಟು ಹಾಕಿಕೊಂಡ ಒಂದು ಕುಟುಂಬ ಮಾತ್ರ ನಿಜವಾದ ಹಸುವೇ ಬೇಕೆಂದು ಹಟ ಹಿಡಿಯಿತು. ಆಗ ಜಡ್ಜಮ್ಮ ಸರಿಯಾದ ಮುಹೂರ್ತ ನೋಡಿ ಬಾಲ ಎತ್ತಿತು. ಆ ಕುಟುಂಬವೂ ಫೈಬರಿನ ಕಡೆಗೆ ಪಕ್ಷಾಂತರ ಮಾಡಿತು.

ಮಧ್ಯಾಹ್ನದ ಹೊತ್ತಿಗೆ ಅತ್ತ ಸಾಲು ಮೈದಾನದ ಗೇಟಿನತನಕ ಬೆಳೆದಿತ್ತು. ಇತ್ತ ನೊಣಗಳ ಹೊರತು ಯಾರೂ ಇರಲಿಲ್ಲ. ಅಕ್ಕ ಹುಲ್ಲಿನ ಹೊರೆಗೆ ಒರಗಿ ಕಾಲು ಚಾಚಿದಳು. ಬುತ್ತಿ ಹಿಡಿದು ಬಂದ ಗಂಡ ಎರಡೂ ಕಡೆ ನೋಡಿದ.

“ಹೀನಾಯವಾಗಿ ಸೋಲ್ತಾ ಇದ್ದೀಯಲ್ಲೇ.”

“ಮೆಲ್ಲಗೆ ಮಾತಾಡ್ರೀ. ಗೆಲ್ತಾ ಇದ್ದೀನಿ.”

ಬಿಸಿಲು ಇಳಿದ ಮೇಲೆ ಒಬ್ಬ ಬಂದ. ಖಾಕಿ ಅಂಗಿ, ಕೆಂಪಡರಿದ ಕಣ್ಣು. ಸಿಟಿ ಬಸ್ಸಿನ ಡ್ರೈವರು, ಪಾಳಿ ಮುಗಿಸಿ ನೇರ ಬಂದಿದ್ದ. ಅಕ್ಕ ಅಭ್ಯಾಸಬಲದಿಂದ ಫೈಬರಿನ ಕಡೆ ಕೈ ತೋರಿಸಿದಳು. ಅಷ್ಟು ಉದ್ದದ ಸಾಲಿನಲ್ಲಿ ನಿಲ್ಲುವ ತ್ರಾಣ ತನಗಿಲ್ಲ ಎಂದು ಅವನು ಜಡ್ಜಮ್ಮನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಸ್ಟಿಯರಿಂಗ್ ಹಿಡಿದು ಮರಗಟ್ಟಿದ ಬೆರಳುಗಳು, ಹಿಂಡಿದರೆ ಮಡಚಲೇ ಒಲ್ಲವು. ಜಡ್ಜಮ್ಮ ಅವನಿಗೂ ರಿಯಾಯಿತಿ ತೋರಿಸಲಿಲ್ಲ. ಒಂದೇ ಧಾರೆ. ಅವನು ಅಷ್ಟಕ್ಕೇ ತೃಪ್ತನಾಗಿ, ಹಸುವಿನ ಬೆಚ್ಚನೆಯ ಹೊಟ್ಟೆಗೆ ಹಣೆ ಆನಿಸಿಕೊಂಡ. ದಣಿದ ದಿನ ಅಕ್ಕನೂ ಹೀಗೇ ಆನಿಸಿಕೊಳ್ಳುತ್ತಿದ್ದಳು. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಹಣೆ ಆನಿಸಿಕೊಂಡೇ ಅವನು ಕೇಳಿದ: “ಇದಕ್ಕೆ ವಾರದ ರಜ ಯಾವಾಗಕ್ಕಾ?”

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ಸಿದ್ಧ ಉತ್ತರವಿಲ್ಲದೆ ಅಕ್ಕನಿಗೆ ಎಚ್ಚರವಾಯಿತು.

“ಇದಕ್ಕೂ ಇಲ್ಲ, ನನಗೂ ಇಲ್ಲ. ಬೆಳಗ್ಗೆ ನಾಲ್ಕಕ್ಕೆ ಏಳಲೇಬೇಕು.”

“ನಾಲ್ಕಕ್ಕಾ? ನಾನೂ ನಾಲ್ಕಕ್ಕೇ. ಮೊದಲನೇ ಬಸ್ಸು ನಂದು.” ಅವನು ಹಣೆ ಎತ್ತಲಿಲ್ಲ. “ಬೀದೀಲಿ ಒಂದು ನರಪಿಳ್ಳೆ ಇರಲ್ಲ. ಲೋಕದಲ್ಲಿ ಎದ್ದಿರೋನು ನಾನೊಬ್ಬನೇ ಅನ್ಕೊಂಡು ಓಡಿಸ್ತೀನಿ.”

“ನಾನೂ ಹಾಗೇ ಅನ್ಕೊಂಡು ಕರೀತೀನಪ್ಪಾ.”

ಆಮೇಲೆ ಇಬ್ಬರೂ ಕಷ್ಟಸುಖ ಹೇಳಿಕೊಂಡರು. ಅವನಿಗೆ ಸೊಂಟ ನೋವು, ಇವಳಿಗೆ ಮಣಿಕಟ್ಟು. ಅವನ ಹೆಂಡತಿ ಅಲಾರಮ್ಮಿಗೆ ಬೈಯುತ್ತಾಳೆ, ಇವಳ ಗಂಡ ಕೇಳಿಸದವನಂತೆ ಮಗ್ಗುಲಾಗುತ್ತಾನೆ. ಗಂಡ ಇದನ್ನೂ ಕೇಳಿಸದವನಂತೆ ಹಗ್ಗ ಸುತ್ತುತ್ತಿದ್ದ.

ಕಾರ್ಯದರ್ಶಿಗಳು ಬಂದಾಗ ಡ್ರೈವರು ಹಸುವಿಗೆ ಒರಗಿಕೊಂಡೇ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಫೈಬರ್ ಹಸು ದಿಗ್ವಿಜಯ ಸಾಧಿಸಿದ್ದನ್ನು ಅವರು ಹಲ್ಲು ಕಿಸಿಯುತ್ತ ವರದಿ ಮಾಡಿ, ಇನ್ನು ಅಕ್ಕ ಆರಾಮಾಗಿ ಮನೆಯಲ್ಲಿರಬಹುದು ಎಂದರು. ಬಿಡುಗಡೆ ಅಂಗೈಗೆ ಬಂದು ಕೂತಿತ್ತು. ಗಂಡ ಹಗ್ಗ ಬಿಟ್ಟು ಹೆಂಡತಿಯ ಮುಖ ನೋಡಿದ.

ಅಕ್ಕ ನಿದ್ದೆಯಲ್ಲಿದ್ದವನನ್ನೊಮ್ಮೆ ನೋಡಿದಳು. “ಬರೋ ವರ್ಷಾನೂ ಬರ್ತೀವಿ ಸಾರ್. ಆದ್ರೆ ಹಾಲು ಕರೆಸಲ್ಲ. ಆ ಬೋರ್ಡು ಕಿತ್ತುಹಾಕಿ, ಒಂದೆರಡು ಬೆಂಚು ಹಾಕಿಸಿ.”

“ಬೆಂಚ್ ಹಾಕಿದ್ರೆ ಜನ ಏನ್ ಮಾಡ್ತಾರಕ್ಕಾ?”

“ಕೂತ್ಕೋತಾರೆ. ಹಸುವಿನ ಪಕ್ಕ ಸುಮ್ನೆ ಕೂತ್ಕೋತಾರೆ. ಕೆಲಸ ಮುಗಿಸಿ ಬರೋರಿಗೆ ಅಂತ ಸಂಜೆ ಹೊತ್ತು ಸ್ವಲ್ಪ ಜಾಸ್ತಿ ತೆರೆದಿಡಿ.”

ಕಾರ್ಯದರ್ಶಿಗಳಿಗೆ ತಲೆಬುಡ ತಿಳಿಯಲಿಲ್ಲ. ಬೆಂಚಿಗೇನು, ಹಾಕಿಸೋಣ ಎಂದು ಹೊರಟರು. ಡ್ರೈವರು ಬೆಚ್ಚಿ ಎದ್ದು, ನಾಳೆ ಬೇಗ ಏಳಬೇಕು ಎಂದ. ಅಕ್ಕನೂ ಅದನ್ನೇ ಹೇಳಿದಳು. ಅವನು ಹೋದ ಮೇಲೆ ಜಡ್ಜಮ್ಮನ ಖಜಾನೆ ಪೂರ್ತಿ ಖಾಲಿಯಾಗುವವರೆಗೆ ಕೂತು ಹಾಲು ಕರೆದು, ಹಸುವನ್ನು ಲಾರಿಗೆ ಹತ್ತಿಸಿದಳು.

ಲಾರಿ ಮೈದಾನ ದಾಟುವವರೆಗೆ ಗಂಡ ತಡೆದುಕೊಂಡ. “ಸುಸ್ತು ಸುಸ್ತು ಅಂತಿದ್ದೆ. ಅವ್ರೇ ಬಿಡ್ತೀವಿ ಅಂದ್ರೂ ಮತ್ತೆ ತಗಲಾಕ್ಕೊಂಡ್ಯಲ್ಲೇ?”

“ಸುಸ್ತೇನೂ ಕಮ್ಮಿ ಆಗಿಲ್ಲ ಕಣ್ರೀ,” ಎಂದಳು ಅಕ್ಕ. “ಅವನೂ ನಾಲ್ಕಕ್ಕೇ ಏಳ್ತಾನಂತೆ.”

ಅದರಿಂದೇನಾಯಿತು ಎಂದು ಗಂಡ ಕೇಳುವಷ್ಟರಲ್ಲಿ ಅವಳ ತಲೆ ಅವನ ಭುಜಕ್ಕೆ ವಾಲಿ, ಬಾಯಿ ಅರ್ಧ ತೆರೆದು, ಗೊರಕೆ ಶುರುವಾಗಿತ್ತು.