ಉಜುವಿನ ಬಾಣಂತನ

ಹೋದ ವರ್ಷದ ಶ್ರಾವಣ ಮಾಸವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದ ನೈಜೀರಿಯಾ ದೇಶದ ಹುಡುಗಿಗೆ ನಮ್ಮ ಅವ್ವ ದೇವದುರ್ಗದಿಂದ ಬಂದು ಬಾಣಂತನ ಮಾಡಿದ್ದು ಆಗಲೇ.

ನಮ್ಮ ಮನೆ ಇರುವುದು ರಾಯಚೂರಿನ ಲಿಂಗಸುಗೂರು ರಸ್ತೆಯ ಕಡೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ, ಹಿಂದೆ ನಾವು ಗಂಡ ಹೆಂಡತಿ. ನಮ್ಮವರು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಮೂರು ವರ್ಷದ ಹಿಂದೆ ಎಮೆಕಾ ಎಂಬ ಹುಡುಗ ಮನೆ ಕೇಳಿಕೊಂಡು ಬಂದ. ನೈಜೀರಿಯಾದವನು, ಭತ್ತದ ಮೇಲೆ ಸಂಶೋಧನೆ ಮಾಡಲು ಇಲ್ಲಿಗೆ ಬಂದಿದ್ದ. ಸುಳ್ಳೇಕೆ ಹೇಳಲಿ, ಅವನಿಗೆ ಮನೆ ಕೊಡಲು ನನಗೆ ಮನಸ್ಸಿರಲಿಲ್ಲ. ಓಣಿಯವರು ಏನೆಂದಾರೋ ಎಂಬ ಅಳುಕು. ನಮ್ಮವರೇ, "ಭತ್ತ ಓದಾಕ ಬಂದಾನಂದ್ರ ನಮ್ಮ ಕಸುಬಿನವನ ಆದ. ಸುಮ್ಮನ ಕೀಲಿ ಕೊಡು" ಎಂದರು.

ಆರು ತಿಂಗಳಲ್ಲಿ ಎಮೆಕಾ ನಮ್ಮ ಮಾತು ಕಲಿತುಬಿಟ್ಟ. ಬೆಳಿಗ್ಗೆ ಮಾಳಿಗೆಯ ಮೇಲಿಂದ, "ಅಕ್ಕಾ, ನೀರು ಬಂದಾವ್ರಿ, ಮೋಟರ್ ಹಚ್ಚಲೇನ್ರಿ?" ಎಂದು ಕೂಗಿದರೆ ಹಾಲಿನವನು ಸೈಕಲ್ ನಿಲ್ಲಿಸಿ ಮೇಲೆ ನೋಡುತ್ತಿದ್ದ. ಮರುವರ್ಷ ಹೆಂಡತಿ ಉಜುವನ್ನು ಕರೆತಂದ. ಅವಳು ಬಸುರಿಯಾದಳು. ನನಗೂ ಅವಳಿಗೂ ನಡುವೆ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಅಷ್ಟರಲ್ಲೇ ದಿನವಿಡೀ ಹರಟುತ್ತಿದ್ದೆವು.

ಅವರ ಕಡೆಯೂ ಮಗಳು ಹಡೆದರೆ ತಾಯಿಯೇ ಬಂದು ತಿಂಗಳುಗಟ್ಟಲೆ ಇದ್ದು ಬಾಣಂತನ ಮಾಡಬೇಕಂತೆ. ಉಜುವಿನ ತಾಯಿ ಹಳ್ಳಿಯಾಕೆ, ಸಂತೆಯಲ್ಲಿ ಮರಗೆಣಸಿನ ಹಿಟ್ಟು ಮಾರುವವರು. ಪಾಸ್‌ಪೋರ್ಟ್ ಮಾಡಿಸಿ, ಒಣಮೀನು, ಮಸಾಲೆ ಕಟ್ಟಿ, ಬ್ಯಾಗು ತುಂಬಿ ಬಾಗಿಲ ಹಿಂದೆ ಇಟ್ಟುಕೊಂಡು ಕೂತಿದ್ದರು. ಆದರೆ ಅಲ್ಲಿನ ಸರ್ಕಾರ ಪೆಟ್ರೋಲಿಗೆ ಕೊಡುತ್ತಿದ್ದ ಸಬ್ಸಿಡಿ ತೆಗೆದುಹಾಕಿದ ಮೇಲೆ ಸಂತೆಗೆ ಹೋಗುವ ವ್ಯಾನಿನ ಬಾಡಿಗೆ ಏರಿತ್ತು. ಅದರ ಬೆನ್ನಿಗೆ ಉಪ್ಪು, ಎಣ್ಣೆ, ಹಿಟ್ಟು ಎಲ್ಲ ಏರಿದವು. ಅವರ ದುಡ್ಡು ನೈರಾದ ಬೆಲೆಯೂ ಬಿದ್ದು, ಟಿಕೆಟ್ಟಿಗೆಂದು ಕೂಡಿಸಿಟ್ಟದ್ದು ಅರ್ಧ ದಾರಿಗೂ ಸಾಲದಾಯಿತು. ಇದರ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ಹೆದ್ದಾರಿಯಲ್ಲಿ ಬಸ್ಸು ನಿಲ್ಲಿಸಿ ಜನರನ್ನೇ ಹೊತ್ತೊಯ್ದು ಹಣ ಕೇಳುವವರ ಕಾಟ. ಆಕೆಯ ಗಂಡು ಮಕ್ಕಳು, "ನೀನು ಹೋಗುವುದು ಬೇಡ" ಎಂದುಬಿಟ್ಟರು.

ಎಮೆಕಾ ಇದನ್ನು ಹೇಳುತ್ತ, "ನಮ್ಮ ಸರಕಾರ ಹಂಗ್ರಿ ಅಕ್ಕಾ. ರಾತ್ರಿ ಸುಮ್ಮನ ಮಕ್ಕೊಂಡಿರ್ತದ, ಮುಂಜಾನಿ ಎದ್ದು ಏನರ ಹೇಳ್ತದ" ಎಂದ. ನಮ್ಮವರು ನಕ್ಕರು. "ನಮಗ ಗೊತ್ತಿಲ್ಲೇನೋ ತಮ್ಮಾ? ನಾವೂ ಒಮ್ಮಿ ಹಳೇ ನೋಟು ಹಿಡಕೊಂಡು ಬಿಸಲಾಗ ಪಾಳಿ ಹಚ್ಚಿ ನಿಂತೀವಿ."

ಶ್ರಾವಣದ ಒಂದು ಬುಧವಾರ ಉಜುವಿಗೆ ಹೆಣ್ಣು ಮಗು ಹುಟ್ಟಿತು. ತಲೆತುಂಬ ಕೂದಲು, ಉದ್ದ ಬೆರಳು. ಎಮೆಕಾ ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಡ ಕಂಡವರಿಗೆಲ್ಲ ಪೇಡೆ ಹಂಚಿದ. ಶುಕ್ರವಾರ ಮನೆಗೆ ಬಂದರು. ಆದರೆ ಉಜು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ. ಅನ್ನ ಬೇಡ, ಹಾಲು ಬೇಡ. ಮಗು ಎದೆ ಕಚ್ಚದೆ ಕಿರುಚುತ್ತಿತ್ತು. "ನನಗೆ ಏನೂ ಗೊತ್ತಿಲ್ಲ. ನನ್ನ ತಾಯಿ ಬರಬೇಕಿತ್ತು" ಎಂದು ಇಂಗ್ಲಿಷಿನಲ್ಲಿ ಅದೊಂದನ್ನೇ ಹೇಳುತ್ತಿದ್ದಳು. ನನಗೆ ಮಕ್ಕಳಾಗಿಲ್ಲ. ಬಾಣಂತನ ನಾನು ನೋಡಿದ್ದೇನೆಯೇ ಹೊರತು ಮಾಡಿದವಳಲ್ಲ. ದೇವದುರ್ಗಕ್ಕೆ, ಅವ್ವನಿಗೆ ಫೋನು ಮಾಡಿದೆ.

ಅವ್ವ ನಾಲ್ಕು ಊರಿನ ಬಾಣಂತನ ಮಾಡಿದಾಕೆ. "ಯಾವ ಜಾತಿ, ಯಾವ ದೇಶ" ಎಂದು ಕೇಳಿಯಾಳು ಅಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ: "ಹಾಲು ಇಳದಾವೇನಬೇ?"

"ಇಲ್ಲ ಯವ್ವಾ."

"ಹಂಡೇಕ ನೀರು ಹಾಕು. ಮಧ್ಯಾಹ್ನದ ಬಸ್ಸಿಗೆ ಬರ್ತೀನಿ."

ಅಳವಿ ಬೀಜ, ಒಣಶುಂಠಿ, ಕೊಬ್ಬರಿ, ಅಂಟು, ಬಜೆ ಎಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬಂದವಳೇ ಚಪ್ಪಲಿ ಬಿಟ್ಟು ಸೀದಾ ಮೇಲೆ ಹತ್ತಿದಳು. ಉಜುವಿನ ಗದ್ದ ಹಿಡಿದು ಮುಖ ಈ ಕಡೆ ತಿರುಗಿಸಿ, "ಹಡದಾಕಿ ಗ್ವಾಡಿ ನೋಡ್ಕೊಂತ ಮಕ್ಕೊಂಡ್ರ ಕೂಸಿಗೆ ಗ್ವಾಡಿ ಹಾಲು ಕುಡಸ್ತದೇನು? ಏಳ ನನ್ನವ್ವಾ" ಎಂದಳು. ಒಂದು ಶಬ್ದವೂ ತಿಳಿಯದ ಉಜು ಎದ್ದು ಕೂತಳು.

ಸಂಜೆ ಉಜುವಿನ ತಾಯಿಯ ವಿಡಿಯೊ ಕರೆ ಬಂತು. ಅವರ ಹಳ್ಳಿಯಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆಕೆ ದೂರದ ಕೂಡುರಸ್ತೆಯಲ್ಲಿ ಜನರೇಟರ್ ಇರುವ ಅಂಗಡಿಗೆ ನಡೆದು ಹೋಗಿ ಚಾರ್ಜ್ ಮಾಡಿಸಿ, ಅಲ್ಲಿಂದಲೇ ಮಾತನಾಡುತ್ತಿದ್ದರು. ಹಿಂದೆ ಜನರೇಟರಿನ ಗುಡುಗುಡು ಸದ್ದು, ಮುಂದೆ ತಲೆಗೆ ಬಣ್ಣದ ಬಟ್ಟೆ ಕಟ್ಟಿದ ಗಟ್ಟಿಮುಟ್ಟಾದ ಹೆಂಗಸು. ಅವ್ವನನ್ನು ಕಂಡದ್ದೇ ಪರೀಕ್ಷೆ ಶುರುವಾಯಿತು. ನೀರು ಎಷ್ಟು ಬಿಸಿ ಇರಬೇಕು? ಹೊಟ್ಟೆಗೆ ಬಿಸಿ ಬಟ್ಟೆ ಒತ್ತಿದಿರಾ? ಮಗುವಿನ ತಲೆ ತಿಕ್ಕಿ ದುಂಡಗೆ ಮಾಡಿದಿರಾ? ಎಮೆಕಾ ಅದನ್ನೆಲ್ಲ ಕನ್ನಡದಲ್ಲಿ ಕೇಳಿದ, ಉಜು ಉಳಿದದ್ದನ್ನು ಕೈಸನ್ನೆಯಲ್ಲಿ ತುಂಬಿದಳು.

ಅವ್ವನಿಗೆ ಸಿಟ್ಟು ಬಂತು. "ನನಗ ಕಲಸಾಕ ಬಂದಾಳೇನು ಈಕಿ? ಹೊಟ್ಟಿ ಒತ್ತೋದು, ನಡು ಕಟ್ಟೋದು, ಎಲ್ಲಾ ನಾ ಮಾಡೀನಿ ಅಂತ ಹೇಳೋ!" ಎಂದಳು. ಹೇಳಿದಾಗ ಆ ಕಡೆ ಆಕೆ ಎರಡೂ ಕೈ ಮೇಲೆತ್ತಿ ಗಟ್ಟಿಯಾಗಿ ನಕ್ಕರು. ತಮ್ಮಲ್ಲೂ ಹಾಗೇ ಮಾಡುವುದಂತೆ. ಅವ್ವ ಬಾಯಿ ಮೇಲೆ ಬೆರಳಿಟ್ಟು, "ಸಮುದ್ರದ ಆಚಿಗೂ ಹಿಂಗೇನ?" ಎಂದಳು. ಅಂದಿನಿಂದ ಪರೀಕ್ಷೆ ಇಬ್ಬರಿಗೂ ಆಟವಾಯಿತು.

ಜಗಳವಾದದ್ದು ಮೀನಿನ ಮೇಲೆ. ಬಾಣಂತಿಗೆ ಒಣಮೀನು ಹಾಕಿದ ಖಾರದ ಮೆಣಸಿನ ಸಾರು ಕೊಡಲೇಬೇಕು ಎಂದು ಆಕೆಯ ಹಟ. ನಾವು ಲಿಂಗ ಕಟ್ಟಿಕೊಂಡವರು. ಅವ್ವ ಕರಿಮೆಣಸು, ಶುಂಠಿ, ಬಳ್ಳೊಳ್ಳಿ ಹಾಕಿ ಮೂಗಿನಿಂದ ನೀರಿಳಿಯುವಂಥ ಸಾರು ಮಾಡಿ ತೋರಿಸಿದಳು. "ಮೀನು ಎಲ್ಲಿ?" ಎಂದು ಆ ಕಡೆಯಿಂದ ಪ್ರಶ್ನೆ. ಕೊನೆಗೆ ಅವ್ವ, "ಮಾಳಿಗಿ ಮ್ಯಾಲ ಅಂವ ಏನರ ಕುದಸ್ಲಿ, ನಾ ಕೇಳಂಗಿಲ್ಲ, ನೋಡಂಗಿಲ್ಲ" ಎಂದು ಸೆರಗನ್ನು ಮೂಗಿಗೆ ಹಿಡಿದು ಕೆಳಗಿಳಿದಳು. ನಾಲ್ಕನೇ ದಿನ ಅವಳೇ ಮೆಟ್ಟಿಲ ಕೆಳಗೆ ನಿಂತು, "ಎಮೆಕಾ, ಇವತ್ತು ಅದನ್ನ ಕೊಟ್ಟಿಯೇನೋ?" ಎಂದು ವಿಚಾರಿಸುತ್ತಿದ್ದಳು.

ಉಜು ಅಳವಿ ಪಾಯಸ ಬಟ್ಟಲು ಬಟ್ಟಲು ಕುಡಿದಳು. ಹಾಲಿಳಿಯಿತು. ಮಗು ಕುಡಿದು ಕುಡಿದು ಮಲಗತೊಡಗಿತು. ನಮ್ಮವರೂ ಒಮ್ಮೆ ಧೈರ್ಯ ಮಾಡಿ ಫೋನಿನ ಮುಂದೆ ಕೂತು, ತಾವು ಅಕ್ಕಿ ಗಿರಣಿಯವರೆಂದು ಪರಿಚಯ ಹೇಳಿಕೊಂಡರು. ಆಕೆ, "ನಿಮ್ಮ ದೇಶದ ಅಕ್ಕಿ ನಮ್ಮ ಸಂತೆಗೂ ಬರುತ್ತದೆ. ಈಗಿನ ಬೆಲೆಗೆ ನಾನು ಅದಕ್ಕೆ ನಮಸ್ಕಾರ ಮಾಡಿ ಮುಂದೆ ಹೋಗುತ್ತೇನೆ" ಎಂದು ನಕ್ಕರು. ನಮ್ಮವರೂ ನಕ್ಕರು. ಆದರೆ ಆ ಹೊತ್ತು ಊಟಕ್ಕೆ ಕೂತಾಗ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಅವ್ವ ತೊಟ್ಟಿಲಿಗೆ ಹಾಕುವ ದಿನ ಗೊತ್ತು ಮಾಡಿದಳು. ಹದಿಮೂರನೇ ದಿನ, ಅದೂ ಶ್ರಾವಣ ಸೋಮವಾರ. ಅಲ್ಲಿರುವ ಅಜ್ಜಿ ಫೋನಿನಲ್ಲೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು ಎಂದೂ ಅವಳೇ ಹೇಳಿದಳು. ನಾವೆಲ್ಲ ಕುಣಿದಾಡುತ್ತಿದ್ದರೆ ಉಜುವಿನ ಮುಖ ಬಾಡಿತು. ಸೋಮವಾರ ಬಂತೆಂದರೆ ಅವರ ಊರಿನ ಕಡೆ ಬೇರೆ ದೇಶ ಬೇಕೆಂದು ಬಂದೂಕು ಹಿಡಿದು ಬಂದ್ ಸಾರಿದವರ ಭಯಕ್ಕೆ ಸಂತೆ, ಅಂಗಡಿ, ಬಸ್ಸು ಎಲ್ಲ ಬಂದ್ ಅಂತೆ. ರಸ್ತೆಗೆ ಯಾರೂ ಕಾಲಿಡುವುದಿಲ್ಲ. ಕೂಡುರಸ್ತೆಯ ಅಂಗಡಿ ತೆರೆಯದಿದ್ದರೆ ಅವಳ ತಾಯಿಗೆ ಫೋನೂ ಇಲ್ಲ, ಮೊಮ್ಮಗಳ ಹೆಸರೂ ಇಲ್ಲ.

"ಮಂಗಳವಾರ ಮಾಡಬಹುದೇ?" ಎಂದು ಉಜು ಮೆಲ್ಲಗೆ ಎಮೆಕಾನ ಕೈಲಿ ಕೇಳಿಸಿದಳು.

"ಶ್ರಾವಣ ಸೋಮಾರ ಬಿಟ್ಟು ಮಂಗಳಾರ? ನನ್ನ ಜಲ್ಮದಾಗ ನಾ ದಿನಾ ಬದಲ ಮಾಡಿಲ್ಲ" ಎಂದು ಅವ್ವ ಒಳಗೆ ಹೋದಳು. ಆ ರಾತ್ರಿ ಉಜುವಿನ ತಟ್ಟೆ ಹಾಗೇ ವಾಪಸು ಬಂತು. ಅವ್ವ ತಟ್ಟೆಯನ್ನೇ ನೋಡುತ್ತ ಕೂತಿದ್ದು, "ಮಂಗಳಾರನ ಆಗಲಿ. ದೇವರಿಗೆ ನಾ ಹೇಳ್ಕೊಂತೀನಿ" ಎಂದಳು. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಎಮೆಕಾ ಈ ಸುದ್ದಿ ಹೇಳಿದಾಗ ಉಜುವಿನ ತಾಯಿ ಒಪ್ಪಲಿಲ್ಲ. "ನನ್ನ ಮಗಳನ್ನು ಎಬ್ಬಿಸಿ ಕೂರಿಸಿದವಳು ಹೇಳಿದ ದಿನ ತಪ್ಪಬಾರದು. ಸೋಮವಾರವೇ ಆಗಲಿ, ನಾನಿರುತ್ತೇನೆ" ಎಂದರು. ಹೇಗೆ ಎಂದು ಕೇಳುವಷ್ಟರಲ್ಲಿ ಕರೆ ಕಡಿದುಹೋಯಿತು. ಆಮೇಲೆ ಫೋನು ಹತ್ತಲೇ ಇಲ್ಲ.

ಸೋಮವಾರ ಮಾನ್ವಿಯಿಂದ ನಮ್ಮಕ್ಕ ತನ್ನ ಮನೆಯ ಮರದ ತೊಟ್ಟಿಲನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದಳು. ಎಮೆಕಾನ ಅಕ್ಕತಂಗಿಯರು ಇಲ್ಲಿಲ್ಲವಲ್ಲ, ಅದಕ್ಕೆ ಅವಳೇ ಸೋದರತ್ತೆ. ಒಂದು ಕಾಲಕ್ಕೆ ಗುಸುಗುಸು ಅಂದಿದ್ದ ಓಣಿಯ ಹೆಂಗಸರು ಒಬ್ಬರೂ ಬಿಡದಂತೆ ಬಂದು ಕೂತರು. ಹಂಚಲು ಕಾಳಿನ ಗುಗ್ಗರಿ ಕುದಿದಿತ್ತು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಫೋನಿಲ್ಲ. ಉಜು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಫೋನನ್ನೇ ನೋಡುತ್ತಿದ್ದಳು. ನಮ್ಮ ಕಡೆ ಕೂಸಿಗಿಂತ ಮೊದಲು ಗುಂಡಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುತ್ತಾರೆ. ಅವ್ವ ಅದನ್ನು ಒಮ್ಮೆ ಹಾಕಿ ತೆಗೆಸಿದಳು, ಮತ್ತೆ ಹಾಕಿಸಿದಳು, ಮೂರನೇ ಸಲವೂ ಹಾಕಿಸಿದಳು.

"ಇದೇನ್ರಿ, ಕಲ್ಲಿಗೇ ಹೆಸರಿಡ್ತೀರೇನು?" ಎಂದು ಒಬ್ಬಳು ನಕ್ಕಳು.

"ನಮ್ಮ ದೇವದುರ್ಗದ ಪದ್ಧತಿ ಹಿಂಗ" ಎಂದು ಅವ್ವ ಕಣ್ಣು ಬಿಟ್ಟಳು. ಹುಟ್ಟಿದಾಗಿನಿಂದ ದೇವದುರ್ಗ ನೋಡಿದ ನಾನು ಆ ಪದ್ಧತಿ ಕಂಡದ್ದು ಅಂದೇ.

ನಾಲ್ಕನೇ ಸಲ ಕಲ್ಲು ಎತ್ತುವಾಗ ಫೋನು ರಿಂಗಣಿಸಿತು. ಪರದೆಯ ಮೇಲೆ ಒಂದು ಮುಖವಲ್ಲ, ಹತ್ತಿಪ್ಪತ್ತು ಮುಖಗಳು! ಉಜುವಿನ ತಾಯಿ ಭಾನುವಾರ ಹೊತ್ತು ಮುಳುಗುವ ಮೊದಲೇ ಅಷ್ಟು ದೂರ ನಡೆದು, ಕೂಡುರಸ್ತೆಯ ಹತ್ತಿರವಿದ್ದ ನಾದಿನಿಯ ಮನೆ ಸೇರಿ ಅಲ್ಲೇ ಉಳಿದಿದ್ದರು. ಆ ಮನೆಯಲ್ಲಿ ಜನರೇಟರ್ ಇತ್ತು, ಪೆಟ್ರೋಲು ಇರಲಿಲ್ಲ. ವಿಷಯ ತಿಳಿದ ಸುತ್ತಲಿನ ಮನೆಗಳ ಹೆಂಗಸರು ತಮ್ಮ ತಮ್ಮಲ್ಲಿ ಉಳಿದಿದ್ದ ಒಂದಿಷ್ಟು ಪೆಟ್ರೋಲನ್ನು ಬಾಟಲಿಗಳಲ್ಲಿ ತಂದು ಸುರಿದಿದ್ದರು. "ಇವತ್ತು ಹೊರಗೆ ಹೋಗುವ ಹಾಗಿಲ್ಲವಲ್ಲ. ಅದಕ್ಕೇ ಎಲ್ಲರೂ ಇಲ್ಲೇ ಇದ್ದೇವೆ!" ಎಂದು ಆಕೆ ಕೂಗಿ ಹೇಳಿದರು.

ಉಜು ಫೋನನ್ನು ಮಗುವಿನ ಕಿವಿಗೆ ಹಿಡಿದಳು. "ಚಿಡಿಮ್ಮಾ... ಚಿಡಿಮ್ಮಾ... ಚಿಡಿಮ್ಮಾ" ಎಂದು ಮೂರು ಸಲ ಅಜ್ಜಿಯ ದನಿ ಬಂತು. ದೇವರು ಒಳ್ಳೆಯವನು ಎಂದು ಆ ಹೆಸರಿನ ಅರ್ಥವಂತೆ. ಮಗು ಕಣ್ಣರಳಿಸಿ ಆ ಕಡೆ ಮುಖ ಹೊರಳಿಸಿತು. ಉಜುವಿನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಕಿವಿಯಲ್ಲಿ ಹೆಸರು ಹೇಳಿದಾಕೆಯ, ಅಂದರೆ ಸೋದರತ್ತೆಯ, ಬೆನ್ನಿಗೆ ಸುತ್ತಲಿನ ಹೆಂಗಸರೆಲ್ಲ ಗುದ್ದುವುದು ನಮ್ಮ ಕಡೆಯ ಸಂಭ್ರಮ. ಅಭ್ಯಾಸಬಲದಿಂದ ಎಲ್ಲರೂ ಕೈ ಎತ್ತಿ ಅಕ್ಕನ ಬೆನ್ನಿಗೆ ಮುಗಿಬಿದ್ದರು. "ನಿಂದರ್ರೇ ಯವ್ವಾ!" ಎಂದು ಅಕ್ಕ ಚೀರಿದಳು. "ಹೆಸರು ಹೇಳಿದಾಕಿ ಆಕಿ. ನನಗ್ಯಾಕ ಗುದ್ದತೀರಿ?"

ನ್ಯಾಯವಾದ ಮಾತು. ಎಲ್ಲರೂ ಅವ್ವನ ಮುಖ ನೋಡಿದರು. ಅವ್ವ ಫೋನು ಕಸಿದುಕೊಂಡು, "ಏ ತಂಗೀ, ಬೆನ್ನ ತಿರುವು! ಏ ಎಮೆಕಾ, ಅವರಿಗೆಲ್ಲಾ ಹೇಳೋ, ಗುದ್ದಬೇಕಂತ ಹೇಳೋ!" ಎಂದು ಕೂಗಿದಳು. ಎಮೆಕಾ ನಗುತ್ತ ಅವರ ಭಾಷೆಯಲ್ಲಿ ಹೇಳಿದ. ಆ ಕಡೆ ಒಮ್ಮೆಲೇ ಕೇಕೆ! ಫೋನು ಯಾರದೋ ಕೈಯಿಂದ ಜಾರಿತು. ನಮಗೆ ಕಂಡದ್ದು ಬರೀ ತಗಡಿನ ಮಾಡು. ಕೇಳಿದ್ದು ಧಬ್ ಧಬ್ ಎಂಬ ಗುದ್ದು, ನಗು, ನಡುವೆ "ಅಯ್ಯೋ" ಎನ್ನುವಂತೆ ಆಕೆಯ ಕೂಗು, ಮತ್ತೆ ನಗು. ಉಜು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲಿ ನಮ್ಮ ಓಣಿಯವರು ಗುಗ್ಗರಿಯ ಬೋಗುಣಿ ಬಡಿಯುತ್ತ ನಕ್ಕರು. ಜನರೇಟರ್ ಕೆಮ್ಮಿ ನಿಂತು ಪರದೆ ಕಪ್ಪಾಗುವ ತನಕ ಆ ಗುದ್ದು ನಡೆದೇ ಇತ್ತು.

ಚಿಡಿಮ್ಮಾ ಈಗ ನನ್ನ ಹೊಲಿಗೆ ಯಂತ್ರದ ಕೆಳಗೆ ತೆವಳಿ ಬಟ್ಟೆಚೂರು ಬಾಯಿಗಿಡುತ್ತಾಳೆ. ಮೊದಲು ನಾನು ಪತ್ರಿಕೆಯಲ್ಲಿ ಬೇರೆ ದೇಶದ ಪೆಟ್ರೋಲು, ದುಡ್ಡು ಎಂಬ ಸುದ್ದಿ ಕಂಡರೆ ಪುಟ ತಿರುಗಿಸುತ್ತಿದ್ದೆ. ಈಗ ಹಾಗಾಗುವುದಿಲ್ಲ. ಯಾವ ಊರಿನ ಯಾವ ತಾಯಿಯ ಪ್ರಯಾಣ ನಿಂತಿತೋ ಎನಿಸಿ ಸಿಟ್ಟು ಬರುತ್ತದೆ. ಆ ಸೋಮವಾರ ನೆನೆದರೆ ಮಾತ್ರ ಒಬ್ಬಳೇ ಕೂತಿದ್ದರೂ ನಗು ಬರುತ್ತದೆ.

ಉಜುವಿನ ತಾಯಿಗೆ ಇನ್ನೂ ಬರಲಾಗಿಲ್ಲ. ಅವ್ವ ರಾಯಚೂರಿಗೆ ಬಂದಾಗಲೆಲ್ಲ ಆಕೆಗೆ ಫೋನು ಹಚ್ಚಿಸಿ ಕೇಳುವುದು ಒಂದೇ ಮಾತು: "ಯಾವಾಗ ಬರ್ತಿ ತಂಗೀ? ಎಲ್ಲಾರೂ ಗುದ್ದಿದ್ರು, ನಂದೊಬ್ಬಾಕಿದು ಉಳದದ." ಎಮೆಕಾ ಅದನ್ನು ತಿಳಿಸುವವರೆಗೂ ಆಕೆ ಕಾಯುವುದಿಲ್ಲ. ಅಲ್ಲಿಂದಲೇ ನಗುತ್ತ ಫೋನಿಗೆ ಬೆನ್ನು ತಿರುಗಿಸಿ ತೋರಿಸುತ್ತಾರೆ.