ಸೇತುವೆ ದಾಟಲು ಒಂದು ಹುಕುಂ

ಇವತ್ತು ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಹೊಸ ಆಂಬುಲೆನ್ಸ್ ನಿಂತಿತ್ತು. ಮುಂಭಾಗಕ್ಕೆ ಚೆಂಡುಹೂವಿನ ಹಾರ, ಗಾಜಿಗೆ ಅರಿಶಿನ ಕುಂಕುಮ. ಕರ್ಪೂರದ ಹೊಗೆ ನಮ್ಮ ತುರ್ತು ಚಿಕಿತ್ಸೆಯ ಕೋಣೆಯವರೆಗೂ ಬಂದು ಸ್ಪಿರಿಟ್ಟಿನ ವಾಸನೆಯೊಡನೆ ಬೆರೆತಿತ್ತು. ಪೂಜೆಗೆ ಬರಬೇಕಾದ ಶಾಸಕರು ಇನ್ನೂ ನಾರಾಯಣಪೇಟೆಯಲ್ಲೇ ಇದ್ದರಂತೆ. ಕಾಯುತ್ತ ಕೂತವನಿಗೆ ಗಿರಿಜಮ್ಮ ಮೇಡಂ ನೆನಪಾದರು. ಅವರಿಗೆ ಕಾಯುವುದೆಂದರೆ ಆಗುತ್ತಿರಲಿಲ್ಲ.

ಮಕ್ತಲ್ ಕಡೆಯ ಈ ಆಸ್ಪತ್ರೆಗೆ ನಾನು ಹೊಸ ಡಾಕ್ಟರಾಗಿ ಬಂದಾಗ ತುರ್ತು ವಿಭಾಗಕ್ಕೆ ಅವರೇ ಹಿರಿಯ ವೈದ್ಯೆ. ರೋಗಿಯ ವಿಷಯ ಹೇಳುವಾಗ ನಾನು ಪೀಠಿಕೆ ಹಾಕಿದರೆ, "ಕಥಿ ಆಮ್ಯಾಲೆ ಹೇಳಪ್ಪ, ಉಸಿರು ಹ್ಯಾಂಗೈತಿ ಅದನ್ನ ಹೇಳು" ಎನ್ನುತ್ತಿದ್ದರು. ನನಗೋ ಪೀಠಿಕೆಯಿಲ್ಲದೆ ಯಾರನ್ನೂ ಊಟಕ್ಕೆ ಕರೆಯಲೂ ಬರುವುದಿಲ್ಲ. ಈಗಲೂ ನೋಡಿ, ಹೇಳಬೇಕಾದ್ದನ್ನು ಬಿಟ್ಟು ಎಲ್ಲೆಲ್ಲೋ ಸುತ್ತುತ್ತಿದ್ದೇನೆ.

ನಮ್ಮಲ್ಲಿಗೆ ಎದೆನೋವಿನವರು ಬಂದರೆ ಮೊದಲ ಮದ್ದು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಕೃಷ್ಣೆಯ ಸೇತುವೆ ದಾಟಿದರೆ ರಾಯಚೂರು ಹತ್ತಿರ. ಆದರೆ ಅದು ಬೇರೆ ರಾಜ್ಯ; ಮಾತು ಕನ್ನಡವಾದರೂ ನಾವು ಗಡಿಯ ಈಚೆಯವರು. ನಮ್ಮ ಆಂಬುಲೆನ್ಸ್ ಗಡಿ ದಾಟುವಂತಿರಲಿಲ್ಲ, ಮಹಬೂಬನಗರದ ದೂರದ ದಾರಿಯನ್ನೇ ಹಿಡಿಯಬೇಕು. ಹೊಳೆದಂಡೆಯ ಊರಿನ ಸಾಬಣ್ಣನನ್ನು ಗಾಡಿ ಹತ್ತಿಸುವಾಗ ಅವನ ಹೆಂಡತಿ, "ರಾಯಚೂರಿಗೆ ಮಗಳನ್ನ ಕೊಟ್ಟೀವ್ರಿ, ಸಂತಿಗೂ ಅಲ್ಲಿಗೇ ಹೋಗ್ತೀವಿ. ಜೀವಾ ಉಳಿಸಾಕ ಯಾಕ ಹೋಗಬಾರ್ದ್ರಿ?" ಎಂದು ಕೇಳಿದಳು. ಸಾಬಣ್ಣ ದಾರಿಯಲ್ಲೇ ತೀರಿಕೊಂಡ.

ಕೆಲವೇ ದಿನಗಳಲ್ಲಿ ಮೇಡಂ ನನ್ನನ್ನು ಕರೆದುಕೊಂಡು ಶಾಸಕರ ಮನೆಗೆ ಹೋದರು. ನಮ್ಮ ಕಡೆ ಸರ್ಕಾರಿ ಡಾಕ್ಟರು ಶಾಸಕರ ಬಾಗಿಲಿಗೆ ಹೋಗುವುದು ಒಂದೇ ಕೆಲಸಕ್ಕೆ, ವರ್ಗಾವಣೆಗೆ. ಹಾಗಾಗಿ ಅವರು ನಮ್ಮನ್ನು ನೋಡಿದ್ದೇ, "ಕುಂದರ್ರಿ ಮೇಡಂ. ಬದ್ಲಿ ಯಾವ ಊರಿಗೆ ಬೇಕ್ರಿ?" ಎಂದರು.

"ನನಗಲ್ರಿ, ಆಂಬುಲೆನ್ಸಿಗೆ. ರಾಯಚೂರಿಗೆ ಹೋಗಾಕ ಬಿಡ್ರಿ" ಎಂದರು ಮೇಡಂ.

ಶಾಸಕರು ನಕ್ಕರು. ಒಳ್ಳೆಯ ಮನುಷ್ಯ, ಚಹಾ ತರಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಸ್ವಂತ ಫೋನ್ ನಂಬರ್ ಕೊಟ್ಟು, "ಪೇಷಂಟ್ ಬಂದ್ರ ನನಗೊಂದು ಫೋನ್ ಹಚ್ರಿ. ಗಾಡಿ ದಾಟ್ಸೋದು ನನ್ ಜಿಮ್ಮಾ" ಎಂದರು. ನಾನು ಲಾಟರಿ ಹೊಡೆದವನಂತೆ ಹಿಗ್ಗಿದೆ. ಮೇಡಂ ಮಾತ್ರ, "ನೀವು ಎತ್ತಲಿಲ್ಲಂದ್ರ? ಅಸೆಂಬ್ಲಿಯೊಳಗ ಕೇಳ್ರಿ, ಸರ್ಕಾರದ ಹುಕುಂ ತರ್ರಿ" ಎಂದುಬಿಟ್ಟರು. ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಚಹಾದ ಕಪ್ಪು ನೋಡತೊಡಗಿದರು.

ಸುಳ್ಳು ಹೇಳಬಾರದು, ಆ ನಂಬರ್ ಕೆಲಸ ಮಾಡಿತು. ಫೋನ್ ಎತ್ತಿದ ದಿನ ಗಾಡಿ ಸೇತುವೆ ದಾಟುತ್ತಿತ್ತು. ಎತ್ತದ ದಿನ ಮಹಬೂಬನಗರದ ದಾರಿ. ಮೇಡಂ ಸಿಕ್ಕಾಗಲೆಲ್ಲ ಶಾಸಕರಿಗೆ ಹುಕುಮಿನ ನೆನಪು ಮಾಡುತ್ತಲೇ ನಿವೃತ್ತರಾದರು. ಹಟ ಸ್ವಲ್ಪ ಜಾಸ್ತಿಯಾಯಿತೆಂದು ನನಗೂ ಅನಿಸಿತ್ತು.

ಹೋದ ಚಳಿಗಾಲ ಅವರೇ ಎದೆ ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. ನನ್ನ ಕೈ ಫೋನಿನತ್ತ ಹೋಯಿತು. ಎಲ್ಲಿ ಬೇಡವೆನ್ನುತ್ತಾರೋ ಎಂದು ಹೆದರಿ ಅವರ ಮುಖ ನೋಡಿದೆ. "ಹಚ್ಚೋ ತಮ್ಮಾ, ನಾನೇನು ಹುಚ್ಚಿ ಅಲ್ಲ" ಎಂದರು. ಶಾಸಕರು ಎತ್ತಿದರು. ಮೇಡಂ ಉಳಿದರು.

ಅವರನ್ನು ನೋಡಲು ರಾಯಚೂರಿಗೆ ಹೋದಾಗ ನನಗೆ ಅಳು ತಡೆಯಲಾಗಲಿಲ್ಲ. ಅವರು ವಾರ್ಡಿನ ಉದ್ದಕ್ಕೂ ಕಣ್ಣಾಡಿಸಿ, "ಡಾಕ್ಟರ್ ಅಂತ ನಾ ದಾಟಿದೆ. ಈ ಹಾಸಿಗ್ಯಾಗೆಲ್ಲ ನಮ್ಮ ಊರವ್ರು ಒಬ್ರೂ ಇಲ್ಲ ನೋಡು" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯನ್ನು ನೋಡಲು ನನಗೆ ಮನಸ್ಸಾಗಲಿಲ್ಲ.

ಇವತ್ತು ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಅಂಗಳದಲ್ಲಿ ಗದ್ದಲ. ಶಾಸಕರು ಬಂದರು, ಕಾಯಿ ಒಡೆದರು, ಚಪ್ಪಾಳೆಯಾಯಿತು. ನನ್ನನ್ನು ಗುರುತಿಸಿ ಹೆಗಲ ಮೇಲೆ ಕೈಯಿಟ್ಟು, "ನಂಬರ್ ಬದಲಾಗೈತಿ ಡಾಕ್ಟರ್, ಹೊಸಾದು ಬರಕೋರಿ" ಎಂದರು.

"ನಂಬರ್ ನನಗ ಹ್ಯಾಂಗಾರ ಸಿಗ್ತೈತ್ರಿ ಸಾಹೇಬ್ರ" ಎಂದೆ. "ಅದು ಸಿಗದವ್ರ, ನೀವು ಫೋನ್ ಎತ್ತದ ದಿನ ಬರೋವ್ರ ಸಲುವಾಗಿ ಹುಕುಂ ಬೇಕ್ರಿ."

ಹೆಗಲ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ನಾನು ಅಲ್ಲೇ ನಿಂತಿದ್ದೆ.