ಎದ್ದು ಹೊರಗೆ ಹೋದ ನಿರ್ದೇಶಕ
ರಾಯ್ಸ್ ಟ್ಯಾಕೆಟ್ ಪೆಲ್ ಫೋರ್ಕ್ ಎಂಬ ಗಣಿಯೂರಿನವನು. ಗಣಿಯ ಧೂಳು ನುಂಗಿ ಕೆಮ್ಮುತ್ತಲೇ ಸತ್ತ ಅಪ್ಪನ ಮಗ. ಲಾ ಓದಿದ ಮೇಲೆ ಅದೇ ಕಲ್ಲಿದ್ದಲು ಕಂಪನಿಯ ವಕೀಲನಾಗಿ, ಹದಿನೆಂಟು ವರ್ಷ ಅದರ ಕೂದಲು ಕೊಂಕದಂತೆ ನೋಡಿಕೊಂಡ. ಇಂಥವನನ್ನು ಹೊಸ ಗವರ್ನರ್ ರಾಜ್ಯದ ಪರಿಸರ ಇಲಾಖೆಯ ನಿರ್ದೇಶಕನ ಕುರ್ಚಿಯಲ್ಲಿ ಕೂರಿಸಿದಾಗ ಊರಿನವರು ಥೂ ಅಂದು ಸುಮ್ಮನಾದರು.

ಅಧಿಕಾರ ವಹಿಸಿಕೊಂಡ ದಿನ ಅವನೊಂದು ಕಾಗದಕ್ಕೆ ಸಹಿ ಹಾಕಿದ್ದ. ಹಳೆಯ ಕಕ್ಷಿದಾರರ ವಿಷಯ ಬಂದರೆ ಎದ್ದು ಹೊರಗೆ ಹೋಗುತ್ತೇನೆ, ತೀರ್ಮಾನ ಉಪನಿರ್ದೇಶಕರದು ಎಂದು. ಪತ್ರಿಕೆಗಳು ಭಾರೀ ಪ್ರಾಮಾಣಿಕ ಎಂದು ಹೊಗಳಿದವು. ಇಷ್ಟು ಸುಖದ ಪ್ರಾಮಾಣಿಕತೆ ಯಾರಿಗೆ ತಾನೇ ಬೇಡ?

ಎರಡನೇ ವರ್ಷ ಕಂಪನಿ, ಕಲ್ಲಿದ್ದಲು ತೊಳೆದ ಕೆಸರು ನಿಲ್ಲಿಸುವ ಕಟ್ಟೆಯನ್ನು ಇನ್ನೂ ನಲವತ್ತು ಅಡಿ ಎತ್ತರಿಸಲು ಅನುಮತಿ ಕೇಳಿತು. ಕಟ್ಟೆಯ ಕೆಳಗೆ ಅರವತ್ತು ಮನೆ. ಅದರಲ್ಲೊಂದು ರಾಯ್ಸನ ತಂಗಿ ನೇಡೀನಳದು.

ಹೈಸ್ಕೂಲಿನ ಆಟದ ಹಾಲಾದ ಜಿಮ್ಮಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಮಾತಾಡುವವರಿಗೆ ತಲಾ ಮೂರು ನಿಮಿಷ. ವಿಷಯ ಓದುತ್ತಿದ್ದಂತೆ ರಾಯ್ಸ್ ಫೈಲು ಮುಚ್ಚಿ ಎದ್ದ.

"ಹೋಗಪ್ಪಾ ಹೋಗು, ನಿನ್ನ ಧಣಿಗಳು ಕಾಯ್ತಿರ್ತಾರೆ," ಎಂದು ಹಿಂದಿನ ಸಾಲಿನವನೊಬ್ಬ ಅಂದ. ಜಿಮ್ಮು ನಕ್ಕಿತು.

ನೇಡೀನಳ ಸರದಿ ನಾಲ್ಕನೆಯದು. ಅಷ್ಟರೊಳಗೆ ಅವಳು ಕಾರಿಡಾರಿಗೆ ಬಂದು ಅವನನ್ನು ಹಿಡಿದಳು. ಒಳಗೆ ಬಂದು ಕೂತು ಕಂಪನಿಗೆ ಆಗಲ್ಲ ಅಂತ ಹೇಳು ಎಂದು ಕೇಳಿದಳು. ತಾನು ಕೂತರೆ ಕಂಪನಿಯವರು ಕೋರ್ಟಿನಲ್ಲಿ ಇಡೀ ತೀರ್ಮಾನವನ್ನೇ ಬೀಳಿಸುತ್ತಾರೆ ಎಂದ ಅವನು. ಅದು ಸುಳ್ಳೇನಲ್ಲ. ಆದರೆ ಕಂಪನಿಯ ವಕೀಲನಾಗಿದ್ದಾಗ ಅವನು ಆ ಕಟ್ಟೆಯ ಬಗ್ಗೆ ಎಂಜಿನಿಯರನ ವರದಿಯೊಂದನ್ನು ಓದಿದ್ದ. ಕಕ್ಷಿದಾರನ ಗುಟ್ಟು ಬಾಯಿಬಿಟ್ಟರೆ ವಕೀಲಿಯ ಸನ್ನದು ಹೋಗುತ್ತದೆ. ಹೇಡಿ, ಆ ಸನ್ನದನ್ನೇ ಎದೆಗವಚಿಕೊಂಡು ಇಷ್ಟು ದಿನ ಬದುಕಿದ್ದ. ಈಗ ತಂಗಿಯ ಮುಖ ನೋಡಿ ದನಿ ತಗ್ಗಿಸಿದ.

"ಮನೆ ಬಿಟ್ಟುಬಿಡು ನೇಡೀನ್. ಮಳೆ ಹಿಡಿಯೋಕೆ ಮುಂಚೆ. ಯಾಕೆ ಅಂತ ಮಾತ್ರ ಕೇಳಬೇಡ."

ಅವಳು ಕೇಳಲಿಲ್ಲ.

"ಉಳಿದ ಐವತ್ತೊಂಬತ್ತು ಮನೆಯವರಿಗೆ ಯಾರು ಹೇಳ್ತಾರೆ?"

ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು. ಸರದಿ ಬಂದಾಗ ಬರೆದುಕೊಂಡಿದ್ದ ಚೀಟಿಯನ್ನು ಮುದುರಿ ಜೇಬಿಗೆ ತುರುಕಿ ಮೈಕಿನ ಮುಂದೆ ನಿಂತಳು.

"ನಿರ್ದೇಶಕರು ನಮ್ಮಣ್ಣ. ಮಳೆ ಹಿಡಿಯೋಕೆ ಮುಂಚೆ ಮನೆ ಬಿಟ್ಟುಬಿಡು ಅಂತ ಈಗಷ್ಟೇ ನನಗೆ ಹೇಳಿದ. ಯಾಕೆ ಅಂತ ಕೇಳಬೇಡ ಅಂದ. ನಾನು ಕೇಳಲಿಲ್ಲ. ನೀವು ಕೇಳಿ."

ಅವಳ ಪಾಲಿನಲ್ಲಿ ಇನ್ನೂ ಎರಡೂವರೆ ನಿಮಿಷ ಬಾಕಿಯಿತ್ತು. ಇಡೀ ಜಿಮ್ಮು ಎದ್ದು, ರಾಯ್ಸ್ ನಿಂತಿದ್ದ ಕಾರಿಡಾರಿನ ಬಾಗಿಲ ಕಡೆ ಬಂತು.